ಪೀಟರ್ ಹುಕ್‌ನ ಸದ್ದಿಗಾಗಿ ಒಂದು ಬೇಸ್ ಗಿಟಾರ್ ಹುಡುಕಿದ್ದು

ಮ್ಯಾಂಚೆಸ್ಟರ್‌ನ ರಾಕ್ ಬ್ಯಾಂಡ್ ಜಾಯ್ ಡಿವಿಷನ್ ಕೇಳಿ ಮುಗಿಸಿದ ಮೇಲೆ ಬಾಯಲ್ಲಿ ಏನು ಗುನುಗುತ್ತಿದ್ದೀರಿ ಅಂತ ಒಮ್ಮೆ ಗಮನಿಸಿ. ಹೆಚ್ಚಿನ ಸಲ ಅದು ಬೇಸ್ ಗಿಟಾರ್ ನುಡಿಸಿದ ಸಾಲೇ ಆಗಿರುತ್ತದೆ. ಗಿಟಾರ್ ಒಂದು ಪಕ್ಕದಲ್ಲಿ ಕೆರೆಯುತ್ತಿರುತ್ತದೆ, ಡ್ರಮ್ಸ್ ಒಂಚೂರೂ ಆಚೀಚೆ ಆಗದೆ ನಡೆಯುತ್ತಿರುತ್ತದೆ, ರಾಗ ಮಾತ್ರ ಬೇಸ್ ನುಡಿಸುವ ಪೀಟರ್ ಹುಕ್ ಕೈಯಲ್ಲಿ. ಆ ಸದ್ದನ್ನು ನನ್ನ ಕೈಯಿಂದಲೂ ಹೊರಡಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅದಕ್ಕೆ ತಕ್ಕ ಬೇಸ್ ಆರಿಸಿದ್ದು ಹೇಗೆ, ಯಾವುದನ್ನು ಯಾಕೆ ಬಿಟ್ಟೆ, ಕೊನೆಗೆ ಯಾವುದು ಮನೆಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಬೇಸ್ ನುಡಿಸುವ ಕನ್ನಡದವರು ಯಾರಾದರೂ ಇದೇ ಹುಡುಕಾಟದಲ್ಲಿದ್ದರೆ ಉಪಯೋಗ ಆದೀತು.

ಮೊದಲು ಯಾವ ಸದ್ದು ಅನ್ನೋದನ್ನು ಗಟ್ಟಿ ಮಾಡಿಕೊಂಡೆ. ಯಾಕೆಂದರೆ ಹುಕ್‌ನದ್ದು ಒಂದೇ ಸದ್ದಲ್ಲ. 1979ರ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂನಲ್ಲಿ ಅದು ಒಣಗಿದ, ಗಡುಸಾದ ಸದ್ದು. 1980ರ 'ಕ್ಲೋಸರ್' ಹೊತ್ತಿಗೆ ಸ್ವಲ್ಪ ತಿಳಿಯಾಗುತ್ತದೆ. ಆಮೇಲಿನ ಬ್ಯಾಂಡ್ ನ್ಯೂ ಆರ್ಡರ್ ಕಾಲಕ್ಕೆ ಬಂದರೆ ಕೋರಸ್ (ಇಬ್ಬರು ನುಡಿಸಿದಂತೆ ಕೇಳಿಸುವ ಪರಿಣಾಮ) ತುಂಬಿಕೊಂಡು ಹೊಳೆಯುತ್ತದೆ. ನನಗೆ ಬೇಕಿದ್ದದ್ದು ಇವುಗಳ ನಡುವೆ ನಿಂತಿರುವ, 1981ರಲ್ಲಿ ಬಂದ 'ಸೆರೆಮನಿ'ಯ ಸದ್ದು. ಹಾಡು ಕಟ್ಟಿದ್ದು ಜಾಯ್ ಡಿವಿಷನ್. 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಅವರ ಕೊನೆಯ ಕಾರ್ಯಕ್ರಮದಲ್ಲಿ ಅದನ್ನು ನುಡಿಸಿದ್ದರು. ಮೇ 18ಕ್ಕೆ ಹಾಡುಗಾರ ಇಯಾನ್ ಕರ್ಟಿಸ್ ತೀರಿಕೊಂಡ. ಉಳಿದ ಮೂವರು ನ್ಯೂ ಆರ್ಡರ್ ಅಂತ ಹೆಸರಿಟ್ಟುಕೊಂಡು ಮೊದಲ ಸಿಂಗಲ್ ಆಗಿ ಇದನ್ನೇ ಹೊರತಂದರು. ಶುರುವಿನಲ್ಲೇ ಬೇಸ್ ಮೇಲಿನ ಸ್ವರಗಳಲ್ಲಿ ಹಾಡಲು ತೊಡಗುತ್ತದೆ. ಎಷ್ಟು ಸಲ ಕೇಳಿದರೂ ಆ ಜಾಗದಲ್ಲಿ ನನಗೆ ಎದೆ ಬಿಗಿಯುತ್ತದೆ.

ಹುಕ್ ಅಷ್ಟು ಮೇಲೆ ಹೋಗಿ ನುಡಿಸಲು ಶುರು ಮಾಡಿದ್ದಕ್ಕೆ ಕಾರಣ ತುಂಬ ಸಾದಾ. ಆಗಿನ ದಿನಗಳಲ್ಲಿ ಅವನ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಚೆನ್ನಾಗಿರಲಿಲ್ಲ, ಬರ್ನಾರ್ಡ್ ಸಮ್ನರ್‌ನ ಗಿಟಾರ್ ಆಂಪ್ ಸಿಕ್ಕಾಪಟ್ಟೆ ಜೋರು. ಕೆಳಗಿನ ಸ್ವರ ನುಡಿಸಿದರೆ ತನಗೇ ಕೇಳಿಸದು, ಮೇಲೆ ಹೋದರೆ ಕೇಳಿಸುತ್ತದೆ. ಹಾಗೆ ನುಡಿಸಿದಾಗ ಚೆನ್ನಾಗಿರುತ್ತದೆ ಅಂತ ಇಯಾನ್ ಕರ್ಟಿಸ್ ಹುರಿದುಂಬಿಸಿದ. ಹೀಗೆ ಬಂದ ಅಭ್ಯಾಸವೇ ಮುಂದೆ ಒಂದು ಇಡೀ ಪೀಳಿಗೆಯ ಬೇಸ್‌ನವರು ಹಿಂಬಾಲಿಸಿದ ಶೈಲಿಯಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳೋದು ಯಾಕೆಂದರೆ ನನ್ನ ಇಡೀ ಹುಡುಕಾಟ ಇದರ ಮೇಲೆ ನಿಂತಿತ್ತು. ಅಂಗಡಿಯಲ್ಲಿ ಬೇಸ್ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ನಾಲ್ಕು ತಂತಿಗಳಲ್ಲಿ (ದಪ್ಪದಿಂದ ಸಣ್ಣಕ್ಕೆ 'ಇ', 'ಎ', 'ಡಿ', 'ಜಿ') ಎಲ್ಲಕ್ಕಿಂತ ದಪ್ಪ 'ಇ' ತಂತಿಯನ್ನು ಮೀಟಿ, ನೆಲ ಅದುರುತ್ತಾ ಅಂತ ನೋಡುತ್ತಾರೆ. ಹುಕ್‌ನ ಸದ್ದು ಬೇಕಾದವರಿಗೆ ಆ ತಂತಿಯಿಂದ ಏನೂ ಗೊತ್ತಾಗುವುದಿಲ್ಲ. ಅವನ ಕೆಲಸವೆಲ್ಲ ಹೆಚ್ಚುಕಡಿಮೆ 'ಡಿ' ಮತ್ತು 'ಜಿ' ತಂತಿಗಳ ಮೇಲೆ, ಅದೂ ಏಳನೇ ಫ್ರೆಟ್‌ನಿಂದ (ಫ್ರೆಟ್ ಅಂದರೆ ಕೊರಳಿನ ಮೇಲಿನ ಅಡ್ಡ ಲೋಹದ ಪಟ್ಟಿ) ಆಚೆಗೆ. ಎಷ್ಟೋ ಕಡೆ 'ಡಿ' ತಂತಿಯನ್ನು ಎಲ್ಲೂ ಒತ್ತದೆ ಹಾಗೇ ಬಿಟ್ಟು ಮೀಟುತ್ತಾ, ಜೊತೆಗೆ 'ಜಿ' ತಂತಿಯ ಮೇಲೆ ರಾಗ ನುಡಿಸುತ್ತಾನೆ. ನಮ್ಮಲ್ಲಿ ತಂಬೂರಿ ಶ್ರುತಿ ಹಿಡಿದುಕೊಂಡಿರುವಾಗ ಮೇಲೆ ಹಾಡು ನಡೆಯುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಬಿಟ್ಟ 'ಡಿ' ಸುಮಾರು 73 ಹರ್ಟ್ಜ್. 'ಜಿ' ತಂತಿಯ ಏಳನೇ ಫ್ರೆಟ್ ಸರಿಯಾಗಿ ಅದರ ಮೇಲಿನ 'ಡಿ', 147 ಹರ್ಟ್ಜ್ ಹತ್ತಿರ. ಹನ್ನೆರಡಕ್ಕೆ 196, ಹದಿನಾಲ್ಕಕ್ಕೆ 220. ಅಂದರೆ ಮಾಮೂಲಿ ಗಿಟಾರ್‌ನ ಮಧ್ಯದ ತಂತಿಗಳು ಓಡಾಡುವ ಜಾಗ ಇದು. ಅಲ್ಲಿ ಬೇಸ್‌ನ ದಪ್ಪ ತಂತಿ ನುಡಿದಾಗ ಬರುವ ತೂಕ ಗಿಟಾರ್‌ಗೆ ಬರೋದಿಲ್ಲ. ಆ ಸದ್ದಿನ ಗುಟ್ಟಿನಲ್ಲಿ ದೊಡ್ಡ ಪಾಲು ಇದೇ ಅಂತ ನನ್ನ ನಂಬಿಕೆ.

ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ, ಕೆಲಸಕ್ಕೆ ಅಂತ ಬಂದವನು. ಬೆಂಗಳೂರಲ್ಲಿ ಕಾಲೇಜಿನ ಬ್ಯಾಂಡಿಗೆ ನುಡಿಸುತ್ತಿದ್ದ ಬೇಸ್ ಅಲ್ಲೇ ತಮ್ಮನ ಹತ್ತಿರ ಉಳಿದಿದೆ. ಇಲ್ಲಿ ಸೆಕೆಂಡ್ ಹ್ಯಾಂಡ್ ವಾದ್ಯಗಳು ಧಾರಾಳವಾಗಿ ಸಿಗುತ್ತವೆ, ಮತ್ತೆ ಈ ಸಂಗೀತ ಹುಟ್ಟಿದ ಊರಲ್ವಾ, ಅಂಗಡಿಯವರ ಹತ್ತಿರ ಹುಕ್ ಅಂದರೆ ಸಾಕು, ಅರ್ಧ ಗಂಟೆ ಮಾತಿಗೆ ನಿಲ್ಲುತ್ತಾರೆ. ಬಜೆಟ್ 400 ಪೌಂಡ್ ಅಂತ ಇಟ್ಟುಕೊಂಡೆ. ಪೆಡಲ್ (ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ) ಖರ್ಚು ಬೇರೆ.

ಮೊದಲು ನೋಡಿದ್ದು ರಿಕನ್‌ಬ್ಯಾಕರ್ ಆಕಾರದ ಬೇಸ್‌ಗಳನ್ನು. ಜಾಯ್ ಡಿವಿಷನ್ ದಿನಗಳಲ್ಲಿ ಹುಕ್ ಬಳಸಿದ್ದು ಹೊಂಡೊ ಕಂಪನಿ ಮಾಡಿದ ರಿಕನ್‌ಬ್ಯಾಕರ್ ನಕಲು. ಅಸಲಿ ರಿಕನ್‌ಬ್ಯಾಕರ್‌ಗೆ ನನ್ನ ದುಡ್ಡು ಸಾಲುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಎಪ್ಪತ್ತರ ದಶಕದ ಒಂದು ಜಪಾನಿ ನಕಲು ಸಿಕ್ಕಿತು, ಕೂತು ನುಡಿಸಿದೆ. ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹೊಡೆದ ಕೂಡಲೇ ಆ 1979ರ ಒಣ ಸದ್ದು ಬಂದೇ ಬಿಟ್ಟಿತು, ಬಹಳ ಖುಷಿಯಾಯಿತು. ಆದರೆ ಮೇಲಿನ ಫ್ರೆಟ್‌ಗಳು ಸವೆದಿದ್ದವು. ಹನ್ನೆರಡರ ಆಚೆ ಸ್ವರ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಫ್ರೆಟ್ ಬದಲಿಸುವ ಖರ್ಚು ಸೇರಿಸಿದರೆ ಬಜೆಟ್ ದಾಟುತ್ತದೆ. ಬಿಟ್ಟೆ.

ಆಮೇಲೆ ಫೆಂಡರ್ ಪ್ರಿಸಿಷನ್ ಮಾದರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹುಕ್ ತನ್ನ ಸದ್ದಿಗೆ ಸ್ಫೂರ್ತಿ ಅಂತ ಹೇಳಿಕೊಂಡಿರುವುದು ದ ಸ್ಟ್ರ್ಯಾಂಗ್ಲರ್ಸ್ ಬ್ಯಾಂಡಿನ ಜಾನ್ ಜಾಕ್ ಬರ್ನೆಲ್‌ನನ್ನು. ಬೇಸನ್ನು ಮೊಣಕಾಲಿನ ತನಕ ಇಳಿಬಿಟ್ಟುಕೊಳ್ಳುವುದನ್ನು ಕಲಿತದ್ದು ದ ಕ್ಲ್ಯಾಶ್‌ನ ಪಾಲ್ ಸಿಮೊನನ್ ನೋಡಿ. ಬರ್ನೆಲ್ ನುಡಿಸುತ್ತಿದ್ದದ್ದು ಪ್ರಿಸಿಷನ್. ಹಾಗಾಗಿ ಇದರಲ್ಲೇ ನನ್ನ ಉತ್ತರ ಇದೆ ಅಂತ ನನಗೆ ಬಲವಾಗಿ ಅನ್ನಿಸಿತ್ತು. ಒಳ್ಳೆಯ ಸ್ಥಿತಿಯ ಒಂದು ಸ್ಕ್ವಯರ್ ಪ್ರಿಸಿಷನ್ ಸಿಕ್ಕಿತು. ಕೆಳಗಿನ ತಂತಿಗಳಲ್ಲಿ ಬರ್ನೆಲ್‌ನ ಆ ಗುರುಗುಟ್ಟುವ ಸದ್ದು ಸಲೀಸಾಗಿ ಬಂತು. ಆದರೆ ಬಿಟ್ಟ 'ಡಿ' ಮೇಲೆ ರಾಗ ಎತ್ತಿದೆ ನೋಡಿ, ಮೇಲಿನ ಸ್ವರಗಳು ತೆಳ್ಳಗೆ, ಚೂಪಾಗಿ ಕೇಳಿದವು. ಟೋನ್ ಗುಂಡಿ ತಿರುಗಿಸಿ ಇಳಿಸಿದರೆ ಚೂಪು ಹೋಗುತ್ತದೆ ನಿಜ, ಜೊತೆಗೆ ಹೊಳಪೂ ಹೋಗುತ್ತದೆ.

ಇದು ಯಾಕೆ ಹೀಗೆ ಅಂತ ಬೇಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದರೆ ಕಣ್ಣಿಗೇ ಕಾಣುತ್ತದೆ. ಪ್ರಿಸಿಷನ್‌ನ ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಭಾಗ) 1957ರಿಂದ ಎರಡು ತುಂಡು. ಒಂದು ತುಂಡು 'ಇ' ಮತ್ತು 'ಎ' ತಂತಿಗಳ ಅಡಿಗೆ, ಇನ್ನೊಂದು 'ಡಿ' ಮತ್ತು 'ಜಿ' ತಂತಿಗಳ ಅಡಿಗೆ. ಎರಡೂ ಒಂದೇ ಸಾಲಿನಲ್ಲಿಲ್ಲ. ದಪ್ಪ ತಂತಿಗಳ ತುಂಡು ನೆಕ್ (ಕೊರಳು) ಕಡೆಗೆ, ಸಣ್ಣ ತಂತಿಗಳ ತುಂಡು ಬ್ರಿಡ್ಜ್ (ದೇಹದ ಮೇಲೆ ತಂತಿ ಕೂರುವ ಜಾಗ) ಕಡೆಗೆ. ತಂತಿಯ ಕಂಪನ ಬ್ರಿಡ್ಜ್ ಹತ್ತಿರ ಬಿಗಿಯಾಗಿ, ಚಿಕ್ಕದಾಗಿ ಇರುತ್ತದೆ. ಅಲ್ಲಿ ಕಿವಿಗೊಟ್ಟ ಪಿಕಪ್‌ಗೆ ಚೂಪು ಸದ್ದೇ ಜಾಸ್ತಿ ಸಿಗುತ್ತದೆ. ನೆಕ್ ಹತ್ತಿರ ಬಂದಷ್ಟೂ ಸದ್ದು ತುಂಬಿಕೊಳ್ಳುತ್ತದೆ. ಅಂದರೆ ನನಗೆ ಬೇಕಾದ ಆ ಎರಡು ತಂತಿಗಳೇ ಇಲ್ಲಿ ಚೂಪಾದ ಜಾಗದಲ್ಲಿ ಸಿಕ್ಕಿಕೊಂಡಿವೆ. ಕೆಳಗಿನ ತಂತಿಗಳಲ್ಲಿ ಹಾಡನ್ನು ಹೊತ್ತು ನಡೆಸುವವರಿಗೆ ಈ ಜೋಡಣೆ ಸರಿಯೇ. ನನ್ನ ಕೆಲಸಕ್ಕೆ ಇದು ತಲೆಕೆಳಗಾಗಬೇಕಿತ್ತು.

ತಲೆಕೆಳಗಾಗಿಯೇ ಇರುವ ಬೇಸ್ ಇದೆ ಕೂಡ! ಯಮಹಾ 1977ರಲ್ಲಿ ಶುರು ಮಾಡಿದ ಬಿಬಿ ಸರಣಿಯಲ್ಲಿ ಆ ಎರಡು ತುಂಡುಗಳ ಜಾಗ ಅದಲು ಬದಲು. ದಪ್ಪ ತಂತಿಗಳ ತುಂಡು ಬ್ರಿಡ್ಜ್ ಕಡೆಗೆ, ಸಣ್ಣ ತಂತಿಗಳ ತುಂಡು ನೆಕ್ ಕಡೆಗೆ. ಹುಕ್ ಎಷ್ಟೋ ವರ್ಷ ಕೈಬಿಡದೆ ನುಡಿಸಿದ ಬೇಸ್ ಇದೇ ಸರಣಿಯ ಬಿಬಿ1200ಎಸ್. ಈಚೆಗೆ ಯಮಹಾ ಅವನ ಹೆಸರಲ್ಲೇ ಬಿಬಿಪಿಎಚ್ ಅಂತ ಒಂದು ಮಾದರಿಯನ್ನೂ ತಂದಿತು. ಇದು ಕಾಕತಾಳೀಯ ಇರಬಹುದು, ಹುಕ್ ಪಿಕಪ್ ದಿಕ್ಕು ನೋಡಿ ಕೊಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಅವನು ನುಡಿಸುವ ಎರಡು ತಂತಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು.

ಒಂದು ಹಳೆಯ ಬಿಬಿ1200ಎಸ್ ನುಡಿಸಿ ನೋಡುವ ಅವಕಾಶವೂ ಸಿಕ್ಕಿತು. ಬಹಳ ತೂಕ. ನೆಕ್‌ನ ಮರ ದೇಹದ ಕೊನೆಯ ತನಕ ಒಂದೇ ಉದ್ದಕ್ಕೆ ಹೋಗುತ್ತದೆ. ಹಾಗಾಗಿ ನೆಕ್ ದೇಹಕ್ಕೆ ಸೇರುವ ಕಡೆ ಕೈಗೆ ತಡೆಯುವ ದಿಮ್ಮಿ ಇಲ್ಲ, ಹದಿನೈದು ಹದಿನಾರನೇ ಫ್ರೆಟ್‌ಗೆ ಬೆರಳು ಸಲೀಸಾಗಿ ಹೋಗುತ್ತದೆ. 'ಜಿ' ತಂತಿಯ ಹದಿನಾಲ್ಕನೇ ಫ್ರೆಟ್ ಒತ್ತಿ 'ಡಿ' ಜೊತೆಗೆ ಮೀಟಿದೆ. ಇದೇ! ದುಂಡಗೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಹರಿತವಾಗಿ, ಎಷ್ಟು ಹೊತ್ತು ಬೇಕಾದರೂ ನಿಲ್ಲುವ ಸ್ವರ. ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ. ಬೆಲೆ ನನ್ನ ಬಜೆಟ್‌ನ ಮೂರು ಪಟ್ಟಿಗಿಂತ ಹೆಚ್ಚಿತ್ತು. ಆದರೂ ಆ ಹೊತ್ತು ವ್ಯರ್ಥವಾಗಲಿಲ್ಲ, ಯಾಕೆಂದರೆ ಅಲ್ಲಿಂದ ಮುಂದೆ ಪ್ರತಿ ಬೇಸ್ ಹಿಡಿದಾಗಲೂ ಯಾವುದಕ್ಕೆ ಹೋಲಿಸಿ ನೋಡಬೇಕು ಅನ್ನೋದು ಕಿವಿಗೆ ಗೊತ್ತಿತ್ತು.

ನಡುವೆ ಆರು ತಂತಿಯ ಆಸೆಯೂ ಬಂದು ಹೋಯಿತು. ನ್ಯೂ ಆರ್ಡರ್ ಹಾಡುಗಳಲ್ಲಿ ಹುಕ್ ಶೆರ್‌ಗೋಲ್ಡ್ ಅನ್ನುವ ಇಂಗ್ಲಿಷ್ ಕಂಪನಿಯ ಮ್ಯಾರಥಾನ್ ಅನ್ನುವ ಆರು ತಂತಿಯ ಬೇಸ್ ಬಹಳ ಬಳಸಿದ್ದಾನೆ. ಸಮ್ನರ್ ಗಿಟಾರ್ ಕೂಡ ಶೆರ್‌ಗೋಲ್ಡ್‌ನದೇ, ಮ್ಯಾಸ್ಕರೇಡರ್. ಆ ಮ್ಯಾರಥಾನ್ ಎಲ್ಲೂ ಸಿಗಲಿಲ್ಲ. ಬದಲಿಗೆ ಸ್ಕ್ವಯರ್‌ನ ಬೇಸ್ ಸಿಕ್ಸ್ ನೋಡಿದೆ. ತಂತಿ ನುಡಿಯುವ ಉದ್ದ 30 ಇಂಚು, ಮಾಮೂಲಿ ಬೇಸ್‌ನಲ್ಲಿ 34 ಇಂಚು. ತಂತಿಗಳು ಗಿಟಾರ್‌ನಲ್ಲಿದ್ದಂತೆ ಹತ್ತಿರ ಹತ್ತಿರ. ಮೇಲಿನ ರಾಗಗಳಿಗೆ ಸೊಗಸಾಗಿದೆ. ಆದರೆ ಮನೆಯಲ್ಲಿ ಇರುವುದು ಒಂದೇ ಬೇಸ್ ಅಂದಮೇಲೆ ಅದು ಎಲ್ಲದಕ್ಕೂ ಆಗಬೇಕು, ನಾಲ್ಕು ತಂತಿಗೆ ಪಳಗಿದ ಕೈಗೆ ಆ ಇಕ್ಕಟ್ಟು ಹಿಡಿಸಲಿಲ್ಲ.

ಕೊನೆಗೆ ಮನೆಗೆ ಬಂದದ್ದು ಯಮಹಾ ಬಿಬಿ434, ಸೆಕೆಂಡ್ ಹ್ಯಾಂಡ್. ಆಲ್ಡರ್ ಮರದ ದೇಹ, ನೆಕ್ ಆರು ಬೋಲ್ಟ್ ಹಾಕಿ ಕೂರಿಸಿದ್ದು, ಬ್ಯಾಟರಿ ಇಲ್ಲದ ಸರಳ ವೈರಿಂಗ್. ತಿರುಗಿಸಿಟ್ಟ ಆ ಎರಡು ತುಂಡಿನ ಪಿಕಪ್ ಇದರಲ್ಲೂ ಇದೆ, ಜೊತೆಗೆ ಬ್ರಿಡ್ಜ್ ಹತ್ತಿರ ಇನ್ನೊಂದು ಉದ್ದನೆಯ ಪಿಕಪ್. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಒಂದು ಟೋನ್. ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆ ಒಂದೇ. ಆಂಪ್‌ನ ಗುಂಡಿಗಳನ್ನೆಲ್ಲ ಮಧ್ಯಕ್ಕಿಟ್ಟು, ಬಿಟ್ಟ 'ಡಿ' ಮೀಟುತ್ತಾ 'ಜಿ' ತಂತಿಯ ಮೇಲೆ ಐದರಿಂದ ಹದಿನಾರರ ತನಕ ಒಂದೊಂದೇ ಫ್ರೆಟ್ ನಿಧಾನವಾಗಿ ಹತ್ತಿದ್ದು. ಎಲ್ಲಾದರೂ ಸ್ವರ ಬೇಗ ಸಾಯುತ್ತದಾ, 'ಡಿ' ಸದ್ದು ರಾಗವನ್ನು ಮುಚ್ಚಿಬಿಡುತ್ತದಾ, ಎಲ್ಲಾದರೂ ತಂತಿ ಫ್ರೆಟ್‌ಗೆ ತಾಗಿ ಝಣಗುಡುತ್ತದಾ ಅಂತ ಕೇಳಿಸಿಕೊಂಡೆ. ಎಷ್ಟೋ ಬೇಸ್‌ಗಳಲ್ಲಿ 'ಜಿ' ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಸತ್ತ ಜಾಗ ಇರುತ್ತದೆ, ಅಲ್ಲಿ ಸ್ವರ ನಿಲ್ಲುವುದೇ ಇಲ್ಲ. ಇದರಲ್ಲಿ ಐದರಲ್ಲಿ ಸ್ವಲ್ಪ ಸೊರಗುತ್ತದೆ, ಏಳು ಗಟ್ಟಿಯಾಗಿದೆ. ನನಗೆ ಏಳು ಮುಖ್ಯ. ದುಡ್ಡು ಕೊಟ್ಟು ತಂದೆ.

ತಂದ ಮೇಲೆ ಮೊದಲ ಕೆಲಸ ಸೆಟಪ್. ಈ ಶೈಲಿಗೆ ಇದು ಎಷ್ಟು ಮುಖ್ಯ ಅಂತ ಎಷ್ಟು ಹೇಳಿದರೂ ಸಾಲದು. ಬಿಟ್ಟ ತಂತಿಯ ಜೊತೆಗೆ ಮೇಲಿನ ಸ್ವರ ನುಡಿಸುವಾಗ ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದರೂ ಕೂಡಲೇ ಗೊತ್ತಾಗುತ್ತದೆ, ಎರಡು ಸ್ವರಗಳ ನಡುವೆ ಒಂದು ಅಲೆ ಏಳುತ್ತದೆ, ವಂವ್ ವಂವ್ ಅಂತ. 'ಜಿ' ತಂತಿಯನ್ನು ಹನ್ನೆರಡನೇ ಫ್ರೆಟ್‌ನಲ್ಲಿ ಸುಮ್ನೆ ಮುಟ್ಟಿ ಹಾರ್ಮೋನಿಕ್ ನುಡಿಸಿದರೆ ಟ್ಯೂನರ್ ಸರಿ ತೋರಿಸುತ್ತಿತ್ತು, ಅದೇ ಜಾಗ ಒತ್ತಿ ನುಡಿಸಿದರೆ ಮುಳ್ಳು ಮೇಲಕ್ಕೆ ಸರಿಯುತ್ತಿತ್ತು. ಅಂದರೆ ತಂತಿಯ ಉದ್ದ ಸಾಲದು. ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಆ ತಂತಿಯ ಸ್ಯಾಡಲನ್ನು (ತಂತಿ ಕೂರುವ ಚಿಕ್ಕ ತುಂಡು) ಒಂದಿಷ್ಟು ಹಿಂದಕ್ಕೆ ಎಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ, ಹೀಗೆ ಎರಡೂ ಒಂದೇ ಕಡೆ ನಿಲ್ಲುವ ತನಕ ಮಾಡಿದೆ. ಆಮೇಲೆ ಟ್ಯೂನರ್ ಪಕ್ಕಕ್ಕಿಟ್ಟು ಬಿಟ್ಟ 'ಡಿ' ಜೊತೆ 'ಜಿ'ಯ ಏಳನೇ ಫ್ರೆಟ್ ನುಡಿಸಿದೆ. ಅಲೆ ನಿಂತಿತ್ತು. ಹದಿನಾಲ್ಕರಲ್ಲೂ ನಿಂತಿತ್ತು. ತಂತಿಯ ಎತ್ತರ ಹನ್ನೆರಡನೇ ಫ್ರೆಟ್ ಹತ್ತಿರ 2 ಮಿ.ಮೀ. ಇರುವಂತೆ ಇಳಿಸಿದೆ. ಇನ್ನೂ ಇಳಿಸಬಹುದು, ಆದರೆ ಪಿಕ್‌ನಿಂದ ಜೋರಾಗಿ ಹೊಡೆಯುವವರಿಗೆ ತೀರಾ ಕೆಳಗಿದ್ದರೆ ಝಣಝಣ ಜಾಸ್ತಿ.

ತಂತಿ ರೋಟೋಸೌಂಡ್ ಸ್ಟೀಲ್, ರೌಂಡ್‌ವೂಂಡ್ (ದುಂಡನೆಯ ಎಳೆ ಸುತ್ತಿದ್ದು). ಇದರಲ್ಲಿ ರಾಜಿ ಇಲ್ಲ. ಚಪ್ಪಟೆ ಎಳೆ ಸುತ್ತಿದ ಫ್ಲಾಟ್‌ವೂಂಡ್ ಹಾಕಿದರೆ ಆ ಹೊಳಪು ಹುಟ್ಟುವುದೇ ಇಲ್ಲ. ಪಿಕ್ 1 ಮಿ.ಮೀ. ದಪ್ಪದ್ದು, ಹೊಡೆತವೆಲ್ಲ ಮೇಲಿನಿಂದ ಕೆಳಕ್ಕೆ. ಹೊಡೆಯುವ ಜಾಗ ಪಿಕಪ್ ಮತ್ತು ಬ್ರಿಡ್ಜ್ ನಡುವೆ.

ಇನ್ನು ಪೆಡಲ್. ಹುಕ್‌ನ ಸದ್ದು ಅಂದ ಕೂಡಲೇ ಎಲ್ಲರೂ ಹೇಳುವುದು ಕೋರಸ್ ಪೆಡಲ್ ಹಾಕಿಕೋ, ಮುಗೀತು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಅವನು ಬಳಸಿದ್ದು ಇಲೆಕ್ಟ್ರೋ ಹಾರ್ಮೋನಿಕ್ಸ್‌ನ ಕ್ಲೋನ್ ಥಿಯರಿ ಅನ್ನುವ ಕೋರಸ್ ಪೆಡಲ್, ನಿಜ. ಕೋರಸ್ ಮಾಡುವುದಿಷ್ಟೇ: ನಿಮ್ಮ ಸದ್ದಿನ ಒಂದು ಪ್ರತಿ ಮಾಡಿ, ಅದನ್ನು ಕೆಲವು ಮಿಲಿಸೆಕೆಂಡು ತಡವಾಗಿ ಬಿಡುತ್ತದೆ. ಆ ತಡ ಒಂದೇ ಸಮ ಇರದೆ ನಿಧಾನಕ್ಕೆ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಅದರಿಂದ ಪ್ರತಿಯ ಶ್ರುತಿ ಸ್ವಲ್ಪ ಸ್ವಲ್ಪ ಅಲ್ಲಾಡುತ್ತದೆ, ಮೂಲದ ಜೊತೆ ಸೇರಿದಾಗ ಇಬ್ಬರು ನುಡಿಸಿದಂತೆ ಕೇಳುತ್ತದೆ. ಕೆಳಗಿನ ಸ್ವರಗಳಿಗೆ ಇದನ್ನು ಹಾಕಿ ನೋಡಿ, ಬರೀ ಕೆಸರು. ಹನ್ನೆರಡನೇ ಫ್ರೆಟ್‌ನ ಮೇಲೆ ಹಾಕಿ, ಮಿನುಗುತ್ತದೆ. ಅಂದರೆ ಎಲ್ಲಿ ನುಡಿಸುತ್ತೇವೆ ಅನ್ನುವುದೇ ಪೆಡಲನ್ನೂ ಉಳಿಸುವುದು. ನಾನು ಅದೇ ಕಂಪನಿಯ ಸ್ಮಾಲ್ ಕ್ಲೋನ್ ತಂದೆ. ವೇಗ ತುಂಬ ಕಡಿಮೆ. ಈ ಸದ್ದು ತೋರಿಸುವ ಎಷ್ಟೋ ವಿಡಿಯೋಗಳಲ್ಲಿ ಕೋರಸ್ ವಿಪರೀತ ಇರುತ್ತದೆ, ಬೇಸ್ ನೀರಲ್ಲಿ ಮುಳುಗಿ ಹೋಗಿರುತ್ತದೆ. 'ಸೆರೆಮನಿ'ಯನ್ನು ಹೆಡ್‌ಫೋನ್ ಹಾಕಿ ಕೇಳಿದರೆ ಪಿಕ್ ತಂತಿಗೆ ತಾಗುವ ಟಕ್ ಸದ್ದು ಸ್ಪಷ್ಟವಾಗಿದೆ. ಆ ಟಕ್ ಮುಚ್ಚಿಹೋಗುವಷ್ಟು ಕೋರಸ್ ಇದ್ದರೆ ಅದು ಜಾಸ್ತಿಯೇ.

ಒಂದು ವಿಷಯ ಮರೆಯಬಾರದು. ರೆಕಾರ್ಡ್‌ನಲ್ಲಿ ನಾವು ಕೇಳುವುದು ಹುಕ್ ಒಬ್ಬನ ಸದ್ದಲ್ಲ, ಅದರಲ್ಲಿ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಇದ್ದಾನೆ. 'ಅನ್‌ನೋನ್ ಪ್ಲೆಷರ್ಸ್' ಮಾಡಿದ್ದು ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ, 1979ರ ಏಪ್ರಿಲ್‌ನಲ್ಲಿ. ನನ್ನ ಮನೆಯಿಂದ ದೂರವೇನಿಲ್ಲ, ವಾಟರ್ಲೂ ರೋಡಿನಲ್ಲಿ ಆ ಕಟ್ಟಡ ಈಗಲೂ ಇದೆ, ಸ್ಟುಡಿಯೋ ಮುಚ್ಚಿದೆ, ಗೋಡೆಗೊಂದು ನೀಲಿ ಫಲಕ ಹಾಕಿದ್ದಾರೆ. ಹ್ಯಾನೆಟ್‌ಗೆ ಆಗಷ್ಟೇ ಬಂದಿದ್ದ ಡಿಜಿಟಲ್ ಡಿಲೇ ಯಂತ್ರಗಳ ಹುಚ್ಚು. ವಾದ್ಯಗಳ ಸುತ್ತ ಖಾಲಿ ಜಾಗ ಇರುವಂತೆ ಕೇಳಿಸುವುದು ಅವನ ಕೈಚಳಕ. ಹುಕ್ ಮತ್ತು ಸಮ್ನರ್‌ಗೆ ಆಗ ಅದು ಹಿಡಿಸಲೇ ಇಲ್ಲ, ವೇದಿಕೆಯಲ್ಲಿ ತಮಗಿದ್ದ ಬಿರುಸು ಹೋಯಿತು ಅಂತ ಸಿಟ್ಟು. ನನಗೆ ಹ್ಯಾನೆಟ್ ಮಾಡಿದ್ದೇ ಸರಿ ಅನ್ನಿಸುತ್ತದೆ. ಆ ಖಾಲಿ ಜಾಗ ಇರುವುದರಿಂದಲೇ ಬೇಸ್ ಹಾಡಲು ಸಾಧ್ಯವಾದದ್ದು. ಅದಕ್ಕೆ ಕೋರಸ್ ಆದಮೇಲೆ ಒಂದು ಡಿಲೇ ಪೆಡಲ್ ಇಟ್ಟಿದ್ದೇನೆ, ಒಂದೇ ಸಲ ಮರುಕಳಿಸುವಂತೆ, ಬಹಳ ಮೆಲ್ಲಗೆ.

ಈಗಿನ ಜೋಡಣೆ ಹೀಗಿದೆ. ತುಂಡು ಪಿಕಪ್ ಪೂರ್ತಿ, ಬ್ರಿಡ್ಜ್ ಪಿಕಪ್ ಕಾಲು ಭಾಗ, ಟೋನ್ ಮುಕ್ಕಾಲು. ಆಂಪ್‌ನಲ್ಲಿ ಬೇಸ್ ಗುಂಡಿ ಅರ್ಧಕ್ಕಿಂತ ಕೆಳಗೆ, 800 ಹರ್ಟ್ಜ್ ಸುತ್ತಮುತ್ತ ಒಂದಿಷ್ಟು ಮೇಲೆ, ಗೇನ್ (ಆಂಪ್ ಒಳಗೆ ಸದ್ದಿಗೆ ಕೊಡುವ ಬಲ), ತಂತಿ ಜೋರಾಗಿ ಹೊಡೆದಾಗ ಮಾತ್ರ ಸದ್ದು ಒಡೆಯುವಷ್ಟು. ಹುಕ್ ಹತ್ತಿರ ಹೈವಾಟ್ ಆಂಪ್ ಇತ್ತು, ಅದನ್ನು ಗೋಡೆಗೆ ಗೋಡೆ ಅಂಟಿಕೊಂಡ ಸಾಲು ಮನೆಯಲ್ಲಿ ಹಾಕಿದರೆ ಅಕ್ಕಪಕ್ಕದವರು ಬಾಗಿಲು ಬಡಿಯುತ್ತಾರೆ, ಹಾಗಾಗಿ ನನ್ನದು ಚಿಕ್ಕ ಆಂಪ್ ಮತ್ತು ಹೆಡ್‌ಫೋನ್. 'ಸೆರೆಮನಿ' ಹಾಕಿಕೊಂಡು ಜೊತೆಗೆ ನುಡಿಸಿದರೆ ಕೆಲವು ಕಡೆ ಯಾವುದು ರೆಕಾರ್ಡ್, ಯಾವುದು ನಾನು ಅಂತ ನನಗೇ ತಿಳಿಯುವುದಿಲ್ಲ. ಬಿಬಿ1200ಎಸ್‌ನ ಸ್ವರ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಬೆಂಗಳೂರು ಮೈಸೂರಿನಲ್ಲಿ ಇದನ್ನು ಮಾಡಿ ನೋಡಬೇಕು ಅನ್ನುವವರಿಗೆ ಒಂದು ಮಾತು. ಹೊಸ ಬೇಸ್ ಕೊಳ್ಳುವ ಮುಂಚೆ ಈಗ ಇರುವುದಕ್ಕೇ ಹೊಸ ರೌಂಡ್‌ವೂಂಡ್ ತಂತಿ ಹಾಕಿ, ಶ್ರುತಿ ಮತ್ತು ಸ್ಯಾಡಲ್ ಸರಿ ಮಾಡಿ, 'ಡಿ' ಬಿಟ್ಟು 'ಜಿ' ಮೇಲೆ ನುಡಿಸಿ ಕೇಳಿ. ಆಗಲೂ ಮೇಲಿನ ಸ್ವರ ತೆಳ್ಳಗೆ ಅನ್ನಿಸಿದರೆ ಬಿಬಿ ಸರಣಿಯ ಯಾವುದಾದರೊಂದು ಹಿಡಿದು ನೋಡಿ, ಅಂಗಡಿಗೆ ಹೋಗುವಾಗ ನಿಮ್ಮ ಪಿಕ್ ನೀವೇ ತೆಗೆದುಕೊಂಡು ಹೋಗಿ. ಮತ್ತೆ ಮ್ಯಾಂಚೆಸ್ಟರ್ ಸುತ್ತಮುತ್ತ ಇರುವ ಯಾರ ಹತ್ತಿರವಾದರೂ ಶೆರ್‌ಗೋಲ್ಡ್ ಮ್ಯಾರಥಾನ್ ಇದ್ದರೆ ದಯವಿಟ್ಟು ತಿಳಿಸಿ. ಮಾರುವುದೇನೂ ಬೇಡ, ಅರ್ಧ ಗಂಟೆ ನುಡಿಸಲು ಕೊಟ್ಟರೆ ಸಾಕು, ನಾನೇ ಬರುತ್ತೇನೆ.